ಅರ್ಜೆಂಟಿಗೆ ಮೂವತ್ತು ಜಾಸ್ತಿ

ಸಂತೆಪೇಟೆಯ ಈ ಗಲ್ಲಿಯಲ್ಲಿ
ಸೀರೆಗಳ ಕಾಲು ನೋಡುವವಳು ನಾನು.
ಮೈಯನ್ನೂ ಸೆರಗನ್ನೂ ಊರು ನೋಡುತ್ತದೆ;
ನೆಲಕ್ಕೆ ತಾಗುವ ಆ ನಾಲ್ಕು ಬೆರಳು
ನನ್ನ ಪಾಲಿಗೆ.

ಮಾಘ ಬಂತೆಂದರೆ ಶುರು:
‘ಏನುಟ್ಕೊಂಡು ಹೋಗ್ಲಿ ಗಿರಿಜಕ್ಕ?’
ಯಾರ ಮದುವೆ, ಯಾವ ದಿನ, ಯಾವ ಹೊತ್ತು,
ನೀನು ಬಡಿಸುವವಳೋ ಬಡಿಸಿಕೊಳ್ಳುವವಳೋ
ಅದನ್ನು ಮೊದಲು ಹೇಳು, ಆಮೇಲೆ ಬಣ್ಣ.

ಚಪ್ಪರದ ದಿನಕ್ಕೆ ನೂಲಿನದೇ ಸರಿ,
ಸೊಂಟಕ್ಕೆ ಸಿಕ್ಕಿಸಿದ ಸೆರಗು ಸಂಜೆತನಕ ಬಿಚ್ಚಬಾರದು,
ಅರಿಶಿನ ಬಿದ್ದರೆ ಅಯ್ಯೋ ಅನ್ನಬಾರದು.
ಧಾರೆಗೆ ರೇಷ್ಮೆ. ಸ್ವಂತ ಸೋದರತ್ತೆಯಾದರೆ ದೊಡ್ಡಂಚು,
ಪಕ್ಕದ ಮನೆಯವಳಾದರೆ ಸಣ್ಣಂಚು,
ಹೆಣ್ಣಿನ ತಾಯಿಗಿಂತ ಒಂದು ಬೆರಳು ಕಮ್ಮಿ ಮಿಂಚು.
ಹೋದ ವರ್ಷ ತಣ್ಣೀರುಹಳ್ಳದ ಲಲಿತಮ್ಮ
ಸೊಸೆಯದಕ್ಕಿಂತ ಭಾರದ್ದು ಉಟ್ಟು
ಫೋಟೊದಲ್ಲಿ ತಾನೇ ಮದುವಣಗಿತ್ತಿಯಾಗಿ ಬಿದ್ದಳು;
ಆ ಮನೆಯಲ್ಲಿ ಇನ್ನೂ ಆಲ್ಬಮ್ ತೆರೆಯುವಂತಿಲ್ಲ.
ಆರತಕ್ಷತೆಗೆ ಕಲ್ಲು ಹಚ್ಚಿದ್ದು ಉಡುತ್ತಾರೆ ಈಗ.
ಉಡಲಿ, ನನ್ನ ಸೂಜಿ ಮುರಿಯುತ್ತದೆ ಅಷ್ಟೆ.
ಬೀಗರೂಟಕ್ಕೆ ಮಾತ್ರ ದಯವಿಟ್ಟು
ಒಗೆದರೆ ಹೋಗುವಂಥದ್ದು:
ಮೂಳೆ ಸಾರಿನ ಮುಂದೆ ಮೈಸೂರು ಸಿಲ್ಕಿಗೆ ಏನು ಮರ್ಯಾದೆ?

ಇಷ್ಟೆಲ್ಲ ಗೊತ್ತಿರುವ ನನ್ನ ಹತ್ತಿರ
ಗುರುವಾರ ಹತ್ತೂವರೆಗೆ ಒಬ್ಬಳು ಬಂದಳು.
ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಹಸಿರು ಕಾಟನ್ನು,
ಬೆಲೆಚೀಟಿ ಇನ್ನೂ ಕಿತ್ತಿಲ್ಲ, ಏಳುನೂರೈವತ್ತು.
ರಸ್ತೆಯಾಚೆ ಬೈಕಿನ ಮೇಲೆ ಒಬ್ಬ,
ಇಸ್ತ್ರಿಯ ಗೆರೆ ಮುರಿಯಬಾರದೆಂದು
ಕೂತೂ ಕೂರದ ಹಾಗೆ ನಿಂತಿದ್ದ.
‘ಹನ್ನೆರಡಕ್ಕೆ ಬೇಕು. ರಿಜಿಸ್ಟ್ರಾರ್ ಆಫೀಸಿಗೆ.’
‘ಅರ್ಜೆಂಟಿಗೆ ಮೂವತ್ತು ಜಾಸ್ತಿ’ ಅಂದೆ,
ಬಾಯಿಗೆ ಅಭ್ಯಾಸ.

‘ಅಲ್ಲಿಗೆ ಇದು ಸರಿಯಾಗುತ್ತಾ ಅಕ್ಕ?’

ಹಿಂದೆ ಯಾರೂ ಕೇಳಿರಲಿಲ್ಲ.
ಚಪ್ಪರವಿಲ್ಲ, ಸೋದರಮಾವನಿಲ್ಲ,
ಯಾರ ಅಂಚಿಗಿಂತ ಒಂದು ಬೆರಳು ಕಮ್ಮಿ ಅನ್ನಲಿ?
ದಾರ ಹುಡುಕುವ ನೆವದಲ್ಲಿ ತಲೆ ತಗ್ಗಿಸಿದೆ.
ಮಿಷನ್ನು ಬಿಟ್ಟು ಕೈಯಲ್ಲೇ ಹೊಲಿದೆ,
ಹೊರಗೆ ಒಂದು ಚುಕ್ಕಿಯೂ ಕಾಣದ ಹಾಗೆ.

ಮೂಲೆಯ ಪರದೆಯ ಹಿಂದೆ ನಾನೇ ನೆರಿಗೆ ಹಿಡಿದೆ.
ಐದು ಬರುವಲ್ಲಿ ಏಳು ಬಂತು; ಸಣ್ಣ ಮೈ.
ಆಗ ಅವನು ಬಾಗಿಲಿಗೆ ಬಂದ, ಕೈಯಲ್ಲಿ ಫೋನು:
ಮೂರನೇ ಸಾಕ್ಷಿ ಬರುವುದಿಲ್ಲವಂತೆ.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
‘ಅಕ್ಕ, ಆಧಾರ್ ಕಾರ್ಡು ಇದೆಯಾ?’

ಇತ್ತು. ಚಿಲ್ಲರೆ ಡಬ್ಬಿಯಲ್ಲಿ.

ಷಟರ್ ಎಳೆದು ಆಟೋ ಹತ್ತಿದ ಮೇಲೆ ನೋಡಿಕೊಂಡೆ:
ಮಡಿಲ ತುಂಬ ಊರಿನ ಸೀರೆಗಳ ದಾರದ ಚೂರು,
ತೋಳಿಗೆ ಚುಚ್ಚಿದ ಎರಡು ಗುಂಡುಸೂಜಿ,
ಉಟ್ಟಿದ್ದು ಹಳೇ ವಾಯಿಲ್, ಅದಕ್ಕೆ ಫಾಲೇ ಇಲ್ಲ.
ಹತ್ತು ವರ್ಷದಿಂದ, ನಾಳೆ ಹಾಕೋಣ, ನಾಳೆ ಹಾಕೋಣ.

ಆಫೀಸಿನಲ್ಲಿ ಕಿರುಗುಡುವ ಫ್ಯಾನು,
ಜಮೀನು ಮಾರಲು ಬಂದವರ ಸಾಲು.
ಗುಮಾಸ್ತೆ ಕನ್ನಡಕದ ಮೇಲಿಂದ ಕೇಳಿದಳು:
‘ನೀವು ಹುಡುಗಿಗೆ ಏನಾಗಬೇಕು?’
‘ಫಾಲು’ ಅನ್ನಲು ಹೋಗಿ
‘ಅಕ್ಕ’ ಅಂದೆ.

ವಾರದ ಮೇಲೆ ಫೋಟೊ ತಂದುಕೊಟ್ಟಳು,
ಬಾಕಿ ಮೂವತ್ತು ರೂಪಾಯಿಯನ್ನೂ. ತಗೊಂಡೆ.
ಸೊಂಟಕ್ಕೇ ಮುಗಿದಿದೆ ಫೋಟೊ, ನನ್ನ ಹೊಲಿಗೆ ಬಂದಿಲ್ಲ.
ಅವಳ ಕೊರಳಲ್ಲಿ ಸೇವಂತಿಗೆ,
ಅವನ ಕೊರಳಲ್ಲಿ ಸೇವಂತಿಗೆ,
ನನ್ನ ಕೊರಳಲ್ಲಿ
ತೆಗೆಯಲು ಮರೆತ ಅಳತೆ ಟೇಪು,
ಅರವತ್ತು ಇಂಚು,
ಎರಡೂ ಕಡೆ ಸಮನಾಗಿ ಇಳಿಬಿದ್ದು.